ಸಮುದಾಯ ಎಂಬ ಶಬ್ದದ ಉಚ್ಚಾರ

ಲಕ್ಷ್ಮೇಶ್ವರದಲ್ಲಿ ಅಯ್ಯೂಬನ ಮುಖ ಗೊತ್ತಿಲ್ಲದವರು ಇರಬಹುದು, ದನಿ ಗೊತ್ತಿಲ್ಲದವರು ಇಲ್ಲ. ಆಟೋದ ನೆತ್ತಿಗೆ ಸ್ಪೀಕರು ಕಟ್ಟಿಕೊಂಡು ಓಣಿ ಓಣಿ ತಿರುಗುವುದು ಅವನ ಹೊಟ್ಟೆಪಾಡು. ನಳದ ನೀರು ಬಂದ್ ಆಗುವುದು, ಸೀರೆಗೆ ರಿಯಾಯಿತಿ, ಸತ್ತವರ ಮಣ್ಣು ಎಷ್ಟು ಹೊತ್ತಿಗೆ, ಎಲ್ಲ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. 'ಉಚಿತ, ಉಚಿತ' ಎಂದು ಕೂಗಿ ಕೂಗಿ ಆ ಶಬ್ದದ ಮೇಲೆ ಅವನಿಗೇ ನಂಬಿಕೆ ಹೋಗಿತ್ತು. ಉಚಿತ ಕಣ್ಣಿನ ತಪಾಸಣೆಗೆ ಹೋದವರು ಕನ್ನಡಕ ಕೊಂಡು ಬರುವುದನ್ನು ಕಂಡವನು ಅವನು.

ಇಂಥವನೂ ಐದು ವರ್ಷದಿಂದ ಒಂದು ಕೆಲಸ ಪುಕ್ಕಟೆ ಮಾಡುತ್ತಿದ್ದ. ಮೊಬೈಲಿನಲ್ಲಿ ಒಂದು ಕನ್ನಡ ನಿಘಂಟು. ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ಬರೆಯಬಹುದು. ಅದರಲ್ಲಿ ಯಂತ್ರದ ದನಿಯೊಂದು ಉಣ್ಣುವ 'ಗಂಗಾಳ'ವನ್ನು 'ಗಂಗಾಲ' ಅಂದದ್ದು ಕೇಳಿ ಅಯ್ಯೂಬನಿಗೆ ಮೈ ಉರಿಯಿತು. ಅದೇ ನಿಘಂಟಿಗೆ ಕೆಲಸ ಮಾಡುವ ಇನ್ನಿಬ್ಬರ ಗುರುತಾಯಿತು; ಅಂದಿನಿಂದ ಭಾನುವಾರ ಬಂದರೆ ಬೆಟಗೇರಿಯ ರತ್ನವ್ವನ ಕಟ್ಟೆಯ ಮೇಲೆ ಮೂವರು ಕೂಡುತ್ತಿದ್ದರು. ಮಗ್ಗ ಬಿಟ್ಟು ಮನೆಯಲ್ಲಿದ್ದ ರತ್ನವ್ವ ಹಳೆಯ ಶಬ್ದಗಳನ್ನು ನೆನೆದು ಹೇಳುವಳು, ಮುಂಡರಗಿಯ ಬೀಜದಂಗಡಿಯ ಚನ್ನಬಸವಣ್ಣ ಅರ್ಥ ಬರೆಯುವನು, ಅಯ್ಯೂಬ ಫೋನು ಬಾಯಿಗೆ ಹಿಡಿದು ಉಚ್ಚರಿಸುವನು. ಪ್ರತಿ ಶಬ್ದದ ಕೆಳಗೂ 'ದನಿ: ಅಯ್ಯೂಬ, ಲಕ್ಷ್ಮೇಶ್ವರ' ಎಂದು ಮೂಡುತ್ತಿತ್ತು.

ಅಷ್ಟು ಸಾಕಾಗಿತ್ತು ಅವನಿಗೆ. ಹೊರಗೆ ಅವನ ಹೆಸರು ಕೇಳಿದವರು "ಅರೆ, ಕನ್ನಡ ಭಾಳ ಛಲೋ ಮಾತಾಡ್ತೀರಲ್ರೀ" ಎಂದು ಹುಬ್ಬೇರಿಸುತ್ತಿದ್ದರು, ಅದನ್ನವನು ಪಕ್ಕದ ಮನೆಯಿಂದ ಕಡ ತಂದವನ ಹಾಗೆ. ನಿಘಂಟು ಮಾತ್ರ ಹುಬ್ಬೇರಿಸಿರಲಿಲ್ಲ.

ಹೀಗಿರುವಾಗ ಬೆಂಗಳೂರಿನ ವಿಶ್ವವಿದ್ಯಾಲಯದಿಂದ ಪ್ರಿಯಾ ಎಂಬ ಸಂಶೋಧಕಿ ಬಂದಳು. ಆಫ್ರಿಕಾದ ಊರುಗಳಲ್ಲಿ ಸಂಶೋಧಕರೂ ಇಂಥ ಸ್ವಯಂಸೇವಕರೂ ಜೊತೆಗೂಡಿ ತಮ್ಮ ತಮ್ಮ ಭಾಷೆಗಳ ಕೆಲಸ ಮಾಡುತ್ತಿದ್ದಾರಂತೆ; ಇಲ್ಲಿಯೂ ಹಾಗೆ ಕೂಡಿ ಮಾಡೋಣ ಎಂಬುದು ಅವಳ ಮಾತು. ಚನ್ನಬಸವಣ್ಣ ಹಿಗ್ಗಿದ. ಅಯ್ಯೂಬನ ಕಿವಿ ನಿಮಿರಿದವು.

"ಅಲ್ರೀ ಮೇಡಂ, ಇದರಾಗ ನಿಮಗೇನು ಸಿಗತೈತಿ?"

"ಒಂದು ಪ್ರಬಂಧ. ಅದರಲ್ಲಿ ನಿಮ್ಮ ಹೆಸರೂ ಇರುತ್ತೆ."

ಇಷ್ಟು ನಯವಾಗಿ ಮಾತಾಡುವವರು ಕೊನೆಗೆ ಕನ್ನಡಕ ಮಾರದೆ ಹೋಗುವುದಿಲ್ಲ ಎಂದುಕೊಂಡ ಅವನು. ಅಷ್ಟರಲ್ಲಿ ಅವಳು ಫೋನಿನಲ್ಲಿ ಯಾರಿಗೋ, "ಇಲ್ಲಿನ ಸಮುದಾಯ ಒಪ್ಪಿದರೆ ಅಯ್ಯೂಬ್ ಅವರ ದನಿಯಿಂದಲೇ ಶುರು ಮಾಡೋಣ" ಎಂದಳು. ನನ್ನ ದನಿಗೂ ಸಮುದಾಯಕ್ಕೂ ಏನು ಸಂಬಂಧ? ರತ್ನವ್ವ ಕೊಟ್ಟ ಚಹಾದ ಬಟ್ಟಲನ್ನು ಅಯ್ಯೂಬ ಕುಡಿಯದೆ ಕೆಳಗಿಟ್ಟ.

ಪ್ರಿಯಾ ಫೋನು ಕೆಳಗಿಟ್ಟು ನಗುತ್ತ ಕೇಳಿದಳು: "ಸರಿ, ಮೊದಲು ನಿಮ್ಮ ಸಮುದಾಯದ ಬಗ್ಗೆ ಹೇಳಿ."

"ನಾವು ಬಣಜಿಗರ್ರೀ" ಎಂದ ಚನ್ನಬಸವಣ್ಣ, ಹೇಳಿಯೂ ಹೇಳದವನಂತೆ.

"ನಾವು ದೇವಾಂಗದವರವ್ವಾ" ಎಂದಳು ರತ್ನವ್ವ, ಸೆರಗು ಸರಿಮಾಡಿಕೊಳ್ಳುತ್ತ.

ಐದು ವರ್ಷ ಈ ಕಟ್ಟೆಯ ಮೇಲೆ ಬಾರದ ಮಾತು ಬಂದಿತ್ತು. ಇಬ್ಬರೂ ಈಗ ಅಯ್ಯೂಬನ ಕಡೆ ನೋಡಿದರು. ಅವನಿಗೆ ಎಲ್ಲ ಅರ್ಥವಾಗಿಹೋಯಿತು. ಇನ್ನು ಮೇಲೆ ತನ್ನ ಹೆಸರಿನ ಮುಂದಿನ ಲಕ್ಷ್ಮೇಶ್ವರ ಅಳಿಸಿಹೋಗುತ್ತದೆ. 'ಮುಸ್ಲಿಮರ ಕನ್ನಡ' ಅಂತ ಚೀಟಿ ಬೀಳುತ್ತದೆ. ಇವರಿಬ್ಬರಿಗೂ ಮೊದಲೇ ಗೊತ್ತಿತ್ತೋ ಏನೋ! ಸಿಟ್ಟು ನೆತ್ತಿಗೇರಿತು.

"ನನ್ನ ಹೆಸರ ಕೇಳಿದ ಮ್ಯಾಲೂ ಅದನ್ನ ಬ್ಯಾರೆ ಕೇಳಬೇಕೇನ್ರೀ? ನನ್ನ ದನಿ ಅಷ್ಟೂ ತಗದು ಹಾಕ್ರಿ. ಒಂದ್ ಶಬ್ದಾನೂ ಬ್ಯಾಡ."

ಪ್ರಿಯಾ ಕಕ್ಕಾಬಿಕ್ಕಿಯಾದಳು. "ಅಯ್ಯೋ, ನಾನು ಜಾತಿ ಕೇಳಲಿಲ್ಲ ಸರ್! ಸಮುದಾಯ ಅಂದ್ರೆ ಈ ಗುಂಪು... ನೀವು ಮೂವರು. ನಾವು ಹಾಗೇ ಬರೀತೀವಿ."

ಚನ್ನಬಸವಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ರತ್ನವ್ವ ನಗಲಿಲ್ಲ.

"ಆಕಿ ಊರಿಗೆ ಹೊಸಬಳು ತಮ್ಮಾ. ನಮ್ಮ ಮ್ಯಾಲೂ ಸಂಶೆ ಬಂತೇನು ನಿನಗ?"

ಸುಳ್ಳು ಹೇಳಬಹುದಿತ್ತು. "ಬಂತಬೇ" ಎಂದ ಅಯ್ಯೂಬ.

ಮುದುಕಿಗೆ ನೋವಾಯಿತು, ಅವನಿಗೆ ಅದಕ್ಕಿಂತ ಹೆಚ್ಚಾಯಿತು. ಆಟೋ ಹತ್ತಿ ಹೋಗಿಬಿಡೋಣವೆನ್ನಿಸಿದರೂ ಕೂತೇ ಇದ್ದ. ಕಡೆಗೆ ರತ್ನವ್ವನೇ ಅವನ ಬಟ್ಟಲಿನ ತಣ್ಣಗಾದ ಚಹಾ ಚೆಲ್ಲಿ ಬಿಸಿಯದು ಬಗ್ಗಿಸಿದಳು.

"ಈ ಸಮುದಾಯ ಅನ್ನೋ ಶಬ್ದ ನಮ್ಮ ನಿಘಂಟಿನಾಗ ಐತೇನಲೇ ಚನ್ನಬಸೂ?" ಎಂದ ಅಯ್ಯೂಬ, ಒಂದು ಗುಟುಕು ಕುಡಿದು.

ಹುಡುಕಿದರೆ ಇರಲಿಲ್ಲ. ಚನ್ನಬಸವಣ್ಣ ಟೈಪು ಮಾಡತೊಡಗಿದ: ಒಂದು, ಕೂಡಿ ಕೆಲಸ ಮಾಡುವ ಜನರ ಗುಂಪು.

"ಅದನ್ನ ಎರಡನೇದಕ್ಕ ಇಡು" ಎಂದ ಅಯ್ಯೂಬ. "ಮದಲನೇದು ಬರಿ: ಜಾತಿ ಕೇಳಾಕ ಬಳಸೋ ಮರ್ಯಾದಿ ಮಾತು."

"ಇದನ್ನ ಜಗತ್ತೆಲ್ಲಾ ಓದತೈತಲ್ಲೋ!"

"ಓದಲಿ. ಮಂದಿ ಮದಲ ಕೇಳೋದು ಅದನ್ನ."

ಚನ್ನಬಸವಣ್ಣ ಪ್ರಿಯಾಳ ಮುಖ ನೋಡಿದ. ಅವಳು ನಾಚಿ ಕೆಂಪಾಗಿದ್ದರೂ ಬೇಡವೆನ್ನಲಿಲ್ಲ. ಜೊತೆ ಸೇರುವ ಮಾತನ್ನು ಅವಳು ಮತ್ತೆ ಎತ್ತಿದಾಗ ಅಯ್ಯೂಬ, "ನೋಡೂಣ್ರಿ. ಲಕ್ಷ್ಮೇಶ್ವರ ಮಾತ್ರ ಅಳಸಬ್ಯಾಡ್ರಿ" ಎಂದಷ್ಟೇ ಹೇಳಿದ.

ಆಮೇಲೆ ಗಂಟಲು ಸರಿಮಾಡಿಕೊಂಡು ಫೋನು ಬಾಯಿಗೆ ಹಿಡಿದ. ಎರಡು ಅರ್ಥಕ್ಕೂ ಸೇರಿಸಿ ಒಂದೇ ಸಲ, ಸ್ವಚ್ಛವಾಗಿ ಅಂದ: "ಸಮುದಾಯ." ಕೆಳಗೆ ಎಂದಿನಂತೆ ಅವನ ಹೆಸರು, ಊರು ಮೂಡಿತು. ಮೂಡುವವರೆಗೂ ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.