ಹಂಡೆಯ ಮೇಲಿನ ಹೆಸರು

ಜೂನ್ ಹದಿನೆಂಟು, ಮಂಗಳವಾರ. ಆಧಾರ: ನನ್ನ ದಿನಚರಿಯ ಆ ದಿನದ ಪುಟ, ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಅಂದು ಸಂಜೆ ನನ್ನ ಚಿಕ್ಕವ್ವ, ಅಂದರೆ ನನ್ನ ತಾಯಿಯ ತಂಗಿ, ನ್ಯಾಮತಿಯಲ್ಲಿ ತನ್ನ ತಮ್ಮನ ಮನೆಯ ಜಗಲಿಯ ಮೇಲೆ ಕುಳಿತು ಎಡಗೈ ಹೆಬ್ಬೆರಳನ್ನು ಸೆರಗಿನ ತುದಿಯಿಂದ ಉಜ್ಜುತ್ತಿದ್ದಳು. ನ್ಯಾಯಾಲಯದ ನೇರಳೆ ಶಾಯಿ ಹೋಗುತ್ತಿತ್ತು. ಅದರ ಅಡಿಯ ಕಂದು ಬಣ್ಣ ಹೋಗುತ್ತಿರಲಿಲ್ಲ. ಅದು ಅಡಿಕೆ ಬೇಯಿಸಿದ ನೀರಿನ, ಚೊಗರಿನ ಬಣ್ಣ. ಉಗುರಿನ ಬುಡದಲ್ಲಿ ಇಳಿದು ಕೂತಿತ್ತು. ಬೆರಳಿನ ಗೆರೆಗಳು ಸವೆದಿದ್ದರಿಂದ ಮೊದಲ ಗುರುತು ಮೂಡದೆ, ಗುಮಾಸ್ತ ಮತ್ತೊಮ್ಮೆ ಒತ್ತಿಸಿಕೊಂಡಿದ್ದ.

“ಮದ್ವಿ ಮಾಡ್ಕಳಾಕೆ ಯಾರೂ ಒತ್ತಿಸ್ಕಳ್ಳಿಲ್ಲ. ಬಿಡಾಕೆ ಎರಡ್ ಸಲ ಒತ್ತಬೇಕಾತು ನೋಡಪ್ಪ” ಎಂದು ಚಿಕ್ಕವ್ವ ನಕ್ಕಳು.

ಅವಳು ಹುಟ್ಟಿದಾಗ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನ ಒಂದು ಊರು. ಹಳೆಯ ಕಾಗದಗಳಲ್ಲಿ ನ್ಯಾಮತಿ ತಾಲ್ಲೂಕನ್ನು ಹುಡುಕುವುದು ವ್ಯರ್ಥ. ಅವಳನ್ನು ಕೊಟ್ಟದ್ದು ಚನ್ನಗಿರಿ ತಾಲ್ಲೂಕಿನಲ್ಲಿ, ಸೂಳೆಕೆರೆಯ ನೀರು ಹರಿಯುವ ಒಂದು ಹಳ್ಳಿಗೆ. ಮದುವೆಯ ವರ್ಷದ ಬಗ್ಗೆ ಮನೆಯವರಲ್ಲಿ ಎರಡು ಅಭಿಪ್ರಾಯಗಳಿವೆ. ಲಗ್ನಪತ್ರಿಕೆ ದೊರೆತಿಲ್ಲವಾದ್ದರಿಂದ ನಾನು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಒಪ್ಪುವ ಸಂಗತಿ ಒಂದೇ: ದಿಬ್ಬಣದ ಗಾಡಿಯಲ್ಲಿ ಅವಳ ಪಕ್ಕಕ್ಕೆ ಒಂದು ತಾಮ್ರದ ಹಂಡೆ ಕೂತಿತ್ತು. ಹುಡುಗಿಗಿಂತ ಹಂಡೆಯೇ ದಪ್ಪಗಿತ್ತು ಎಂದು ನನ್ನ ತಾಯಿ ಹೇಳುತ್ತಿದ್ದಳು.

ಆ ಹಂಡೆಯಲ್ಲಿ ಅವಳು ತನ್ನ ಬಾಳುವೆಯುದ್ದಕ್ಕೂ ಅಡಿಕೆ ಬೇಯಿಸಿದಳು. ಕೊಯ್ಲಿನ ಕಾಲದಲ್ಲಿ ನೆಂಟರು ಬಂದರೂ ಅವರತ್ತ ಮುಖ ತಿರುಗಿಸುತ್ತಿರಲಿಲ್ಲ. ಕುದಿಯುವ ಹಂಡೆಯನ್ನೇ ನೋಡುತ್ತ ಯೋಗಕ್ಷೇಮ ವಿಚಾರಿಸುತ್ತಿದ್ದಳು. “ಕುದಿಯೋದನ್ನ ಬಿಟ್ಟು ಮಾತಿಗೆ ನಿಂತ್ರೆ ಬಣ್ಣ ಹೋಗ್ತೈತೆ” ಎನ್ನುವುದು ಅವಳ ಮಾತು. ಒಂದು ಅಡಿಕೆಯನ್ನು ತೆಗೆದು, ಅದುಮಿ ನೋಡಿ “ಇಳಸ್ರಿ” ಎಂದಳೆಂದರೆ ಇಳಿಸಲೇಬೇಕು. ಆ ಬಣ್ಣಕ್ಕೆ ವ್ಯಾಪಾರಿಗಳು ಅವಳ ಗಂಡನನ್ನು ಹೊಗಳುತ್ತಿದ್ದರು. ಒಳಗಿನಿಂದ ಅದನ್ನು ಕೇಳಿ ಅವಳಿಗೂ ಸಂತೋಷವೇ ಆಗುತ್ತಿತ್ತು.

ನಮ್ಮ ಕಡೆ ತವರಿನವರು ಕೊಡುವ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೆತ್ತಿಸುವ ರೂಢಿಯಿದೆ. ಶಾಸನಗಳನ್ನು ಓದಿಯೇ ಸಂಬಳ ಪಡೆದ ನನಗೆ ಅದು ದಾನಶಾಸನದ ಕಿರಿಯ ರೂಪದಂತೆ ಕಾಣುತ್ತದೆ. ಅವಳ ಹಂಡೆ, ಕೊಳಗ, ಚೊಂಬುಗಳ ಮೇಲೆಲ್ಲ ನನ್ನ ಅಜ್ಜನ ಹೆಸರಿತ್ತು. ಅವಳ ಅತ್ತೆಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. “ನಮ್ಮನಿಯಾಗೆ ನೀರು ಕುಡಿಯಾಕೂ ನಿಮ್ಮಪ್ಪನ ಹೆಸರು ಓದಬೇಕೇನೇ?” ಎಂದು ಬಂದವರ ಎದುರಿಗೇ ಅನ್ನುತ್ತಿದ್ದಳು. ಕೊನೆಗೆ ಚಿಕ್ಕವ್ವ ಪಾತ್ರೆಗಳನ್ನೆಲ್ಲ ಗಾಡಿಗೆ ಹೇರಿಸಿಕೊಂಡು ಚನ್ನಗಿರಿಗೆ, ಹೆಸರು ಕೆತ್ತುವವನ ಬಳಿಗೆ ಹೋದಳು. ಅಜ್ಜನ ಹೆಸರನ್ನು ಬಡಿದು ಅಳಿಸಲು ಹೇಳಿದಳು. “ಯಾರ ಹೆಸರು ಬರೀಲವ್ವಾ?” ಎಂದು ಕೆತ್ತುವವನು ಕೇಳಿದ. ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಬರೆದು ತೋರಿಸಲು ಅಕ್ಷರ ಬರುತ್ತಿರಲಿಲ್ಲ. ಹೊಲದ ಪಹಣಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದಳು. ಅದನ್ನು ಬಿಚ್ಚಿ ಅವನ ಮುಂದೆ ಹಿಡಿದಳು. ಜಮೀನಿನ ಮೇಲಿದ್ದ ಹೆಸರೇ ಪಾತ್ರೆಗಳ ಮೇಲೂ ಬಂತು. ಊರಿಗೆ ಮರಳಿದ ಮೇಲೆ ಅತ್ತೆ ಮೊದಲ ಬಾರಿಗೆ ಅವಳಿಗೆ ತನ್ನ ಕೈಯಾರೆ ಬಡಿಸಿದಳಂತೆ. ಇದನ್ನು ಹೇಳುವಾಗ ಚಿಕ್ಕವ್ವನ ಮುಖ ಅರಳುತ್ತಿತ್ತು.

ಗಂಡ ಮೆಕ್ಕೆಜೋಳದ ವ್ಯಾಪಾರಕ್ಕೆಂದು ಜಗಳೂರಿಗೆ ಹೋಗಿ ಬರುತ್ತಿದ್ದವನು ಕೊನೆಗೆ ಅಲ್ಲಿಯೇ ಇನ್ನೊಂದು ಸಂಸಾರ ಹೂಡಿದ. ಆ ಸಂಸಾರವನ್ನು ಕಾಯಿದೆಬದ್ಧ ಮಾಡಿಕೊಳ್ಳುವ ಆಸೆ ಅವನಿಗೆ ಮುಪ್ಪಿನಲ್ಲಿ ಬಂತು. ಬಿಡುಗಡೆ ಕೇಳಿದ. ಚಿಕ್ಕವ್ವನನ್ನು ನಾನು ಹೊನ್ನಾಳಿಯ ಒಬ್ಬ ವಕೀಲೆಯ ಬಳಿಗೆ ಕರೆದೊಯ್ದೆ. ಗಂಡನ ಹೆಸರೇನೆಂದು ವಕೀಲೆ ಕೇಳಿದಾಗ ಅವಳು ಚೀಲದಿಂದ ನೀರಿನ ಚೊಂಬನ್ನು ತೆಗೆದು ಮೇಜಿನ ಮೇಲಿಟ್ಟು ತಿರುಗಿಸಿದಳು.

“ಇಲ್ಲೈತೆ, ಓದ್ಕಳ್ರಿ.”

ವಕೀಲೆ ಓದಿ ಲೇಖನಿಯನ್ನು ಕೆಳಗಿಟ್ಟರು. “ಎಲ್ಲಾ ಪಾತ್ರೆ ಮ್ಯಾಲೂ ಹಿಂಗೇ ಐತೇನಮ್ಮ?”

“ಎಲ್ಲಾದ್ರ ಮ್ಯಾಲೂ ಐತೆ. ನಾನೇ ಮುಂದೆ ನಿಂತು ಬರಸೀನಿ.”

ವಕೀಲೆ ಸಾವಧಾನವಾಗಿ ವಿವರಿಸಿದರು. “ನೋಡ್ರಿ ಅಮ್ಮಾ, ಜಮೀನು ಅವ್ರ ಹೆಸರ್ನಾಗೈತೆ. ಮದ್ವಿ ಮುರಿದ್ರೆ ಹೆಂಡ್ತಿಗೆ ಅರ್ಧ ಅಂತ ನಮ್ಮ ಕಾನೂನಿನಾಗೆ ಇಲ್ಲ. ಜೀವನಾಂಶ ಕೇಳಬಹುದು. ತವರಿಂದ ತಂದಿದ್ದು ಸ್ತ್ರೀಧನ, ಅದು ನಿಮ್ದೇ. ಆದ್ರೆ ತವರಿಂದು ಅಂತ ತೋರ್ಸಬೇಕಲ್ಲ?”

“ನಾನು ಅಡಿಕೆ ಬೇಯ್ಸಿದ್ದು ಯಾವ ಲೆಕ್ಕಕ್ಕೂ ಇಲ್ವೇನ್ರೀ?”

“ಜೀವನಾಂಶ ಗೊತ್ತು ಮಾಡೋವಾಗ ಜಡ್ಜು ಅದನ್ನ ನೋಡಬಹುದು. ಪಾಲು ಅಂತ ಬರಲ್ಲ.”

ಹಂಡೆ ಕೊಟ್ಟದ್ದನ್ನು ಕಂಡವರು ಸಾಕ್ಷಿ ಹೇಳಬಹುದಿತ್ತು. ನಾನು ಊರೂರು ವಿಚಾರಿಸಿದೆ. ಅಜ್ಜ, ನನ್ನ ತಾಯಿ, ಗಾಡಿ ಹೊಡೆದವನು, ಯಾರೂ ಉಳಿದಿರಲಿಲ್ಲ. ಅವಳ ತಮ್ಮ ಆಗಿನ್ನೂ ತೊಟ್ಟಿಲ ಕೂಸು. ಗಂಡನ ಕಡೆಯ ಹಿರಿಯರದು ಒಂದೇ ಮಾತು: ಬೇರೆಯಾಗುವಾಗ ಹೆಸರು ಓದಿ ಪಾತ್ರೆ ಹಂಚುವುದು ರೂಢಿ, ಹೆಸರು ಯಾರದೋ ಪಾತ್ರೆ ಅವರದು.

ಕೊನೆಗೆ ಒಂದು ರಾಜಿ ಹುಟ್ಟಿತು. ಚಿಕ್ಕವ್ವ ಬಿಡುಗಡೆಗೆ ಒಪ್ಪಿ ತಿಂಗಳ ಜೀವನಾಂಶದ ಕೋರಿಕೆಯನ್ನು ಕೈಬಿಡುವುದು. ಗಂಡ ಹಂಡೆಯನ್ನು ಕೊಡುವುದು. ವಕೀಲೆ ಬೇಡವೆಂದರು. ನಾನೂ ಬೇಡವೆಂದೆ. ಚಿಕ್ಕವ್ವ ಕೇಳಲಿಲ್ಲ. “ತಿಂಗ್ಳಾ ಆಯಪ್ಪನ ಕೈ ನೋಡ್ಕಂಡು ಕೂರಾಕಾಗಲ್ಲ. ಹಂಡೆ ಬಂದ್ರೆ ನ್ಯಾಮತಿಯಾಗೇ ನಾಕ್ ಮನಿ ಅಡಿಕೆ ಬೇಯ್ಸಿಕೊಟ್ಟು ಉಣ್ತೀನಿ” ಎಂದಳು. ಅಲ್ಲಿಯವರೆಗೆ ‘ಅವ್ರು’ ಆಗಿದ್ದ ಗಂಡ ಅವಳ ಬಾಯಲ್ಲಿ ‘ಆಯಪ್ಪ’ ಆದದ್ದನ್ನು ನಾನು ಕೇಳಿದ್ದು ಅಂದೇ.

ಹೆಬ್ಬೆಟ್ಟು ಒತ್ತುವ ಮುನ್ನ, ನ್ಯಾಯಾಲಯದ ಪಡಸಾಲೆಯಲ್ಲಿ ವಕೀಲೆ ಇನ್ನೊಮ್ಮೆ ತಡೆದರು. “ಹಂಡೆ ಬಂತು ಅಂತ ಇದ್ರಾಗೆ ಬರೆದೈತೆ. ಅದು ಕೈಗೆ ಬಂದ ಮ್ಯಾಲೆ ಒತ್ರಿ.”

ಪಕ್ಕದಲ್ಲಿದ್ದ ಗಂಡನ ಕಡೆಯ ಹಿರಿಯರೊಬ್ಬರು ಎದೆ ಮುಟ್ಟಿಕೊಂಡು ಹೇಳಿದರು: “ನಾಳೆ ಬೆಳಿಗ್ಗೆ ಟ್ರ್ಯಾಕ್ಟರ್‌ನಾಗೆ ಹಾಕಿ ಕಳುಸ್ತೀವಿ ತಂಗೆವ್ವಾ. ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ವಾ?”

ಚಿಕ್ಕವ್ವ ವಕೀಲೆಯ ಕಡೆ ತಿರುಗಿದಳು. “ಈ ಮಂದಿಗೆ ಇಷ್ಟ್ ವರ್ಷ ಅನ್ನ ಹಾಕೀನಿ. ಒಂದ್ ರಾತ್ರಿ ನಂಬಾಕಾಗಲ್ವೇನ್ರೀ?”

ಒತ್ತಿದಳು.

ಮರುದಿನ ಜಗಲಿಯ ಮೂಲೆಯಲ್ಲಿ ಒಲೆಗೆ ಮೂರು ಕಲ್ಲು ಹೂಡಿಸಿ ಕಾದಳು. ಬೀದಿಯಲ್ಲಿ ಟ್ರ್ಯಾಕ್ಟರ್ ಸದ್ದಾದಾಗಲೆಲ್ಲ ಏಳುತ್ತಿದ್ದಳು. ಆ ವಾರ ಕಳೆಯಿತು, ಆ ಕೊಯ್ಲೂ ಕಳೆಯಿತು. ಹಿರಿಯರು ನನ್ನ ಫೋನು ತೆಗೆದುಕೊಳ್ಳುವುದನ್ನು ಬಿಟ್ಟರು. ಗಂಡ ಒಮ್ಮೆ ತೆಗೆದುಕೊಂಡ. “ಹಂಡೆ ಮ್ಯಾಲೆ ಯಾರ ಹೆಸರೈತೆ, ಓದ್ಕಂಡು ಬರ್ರಿ. ನೀವು ಶಾಸನ ಓದೋರಲ್ವಾ?” ಎಂದು ಇಟ್ಟುಬಿಟ್ಟ. ಮತ್ತೆ ಅರ್ಜಿ ಹಾಕೋಣವೆಂದು ವಕೀಲೆಯೇ ಹೇಳಿ ಕಳುಹಿಸಿದರು. ಚಿಕ್ಕವ್ವ ಆ ಮಾತಿಗೆ ಮುಖ ತಿರುಗಿಸಿದಳು. ತಮ್ಮನ ಮನೆಯಲ್ಲಿ ಅವರಾಗಿ ಕೇಳದೆ ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಿರಲಿಲ್ಲ. ಆ ಚೊಂಬನ್ನು ಮಾತ್ರ ದಿನವೂ ಹುಣಸೆಹಣ್ಣು, ಬೂದಿ ಹಾಕಿ, ಹೆಸರಿದ್ದ ಜಾಗದಲ್ಲಿಯೇ ತಿಕ್ಕುತ್ತಿದ್ದಳು. ಅಕ್ಷರಗಳು ಸವೆಯಲಿಲ್ಲ.

ಮೂರು ಕಲ್ಲು ಅಲ್ಲಿಯೇ ಇದ್ದವು. ಅವಳು ತೀರಿಕೊಂಡ ದಿನ ಸ್ನಾನಕ್ಕೆ ಅವುಗಳ ಮೇಲೆಯೇ ನೀರು ಕಾಯಿಸಿದರು. ಹಂಡೆ ಪಕ್ಕದ ಮನೆಯದು. ಅದರ ಮೇಲೆ ಅವರ ಹೆಸರಿತ್ತು.

ಇದನ್ನು ಬರೆಯುವ ಮುನ್ನ ರಾಜಿಪತ್ರದ ದೃಢೀಕೃತ ನಕಲನ್ನು ತರಿಸಿಕೊಂಡು ನನ್ನ ದಿನಚರಿಯೊಡನೆ ತಾಳೆ ನೋಡಿದೆ. ದಿನಾಂಕ ಹೊಂದುತ್ತದೆ. ಅದರಲ್ಲಿ ಹೀಗಿದೆ: ‘ಎರಡನೆಯ ಅರ್ಜಿದಾರಳು, ತನಗೆ ತವರಿನಿಂದ ಬಂದ ತಾಮ್ರದ ಹಂಡೆಯೂ ಸೇರಿದಂತೆ ಎಲ್ಲ ಸ್ತ್ರೀಧನವನ್ನು ಪಡೆದುಕೊಂಡಿರುತ್ತಾಳೆ.’ ಅದೇ ಸಂಜೆಯ ನನ್ನ ದಿನಚರಿಯಲ್ಲಿರುವುದು ಇಷ್ಟು: ‘ಚಿಕ್ಕವ್ವ ಚೊಂಬಿನೊಡನೆ ಬಂದಳು. ಹಂಡೆ ನಾಳೆ.’ ಆ ಹಂಡೆ ಅವಳ ತವರಿನದು ಎಂದು ಹೇಳುವ ಲಿಖಿತ ಆಧಾರ ನನಗೆ ಬೇರೆಲ್ಲಿಯೂ ದೊರೆತಿಲ್ಲ; ಅದು ತಲುಪಿತೆಂದು ಹೇಳುವ ಈ ವಾಕ್ಯವೊಂದೇ ಆಧಾರ. ಅದರ ಕೆಳಗೆ ಹೆಬ್ಬೆಟ್ಟಿನ ಎರಡು ಗುರುತುಗಳಿವೆ. ಮೊದಲನೆಯದು ಮೂಡಿಲ್ಲ.