ಮೊದಲ ವೀಳ್ಯ ಮತ್ತು ಫಿರಂಗಿ ಗುಂಡು

ಕಿಕ್ಕೇರಿ ಕಡೆಯ ನಮ್ಮೂರಿನಲ್ಲಿ ಯುಗಾದಿಯ ಮಧ್ಯಾಹ್ನ ಅರಳಿಕಟ್ಟೆಯ ಮೇಲೆ ವೀಳ್ಯ ಹಂಚುತ್ತಾರೆ. ಮೊದಲ ವೀಳ್ಯ ಯಾರಿಗೆಂಬುದಕ್ಕೆ ಒಂದೇ ಕಾನೂನು: ಕಟ್ಟೆಯ ಬುಡದಲ್ಲಿದ್ದ ಗುಂಡುಕಲ್ಲನ್ನು ನೆಲದಿಂದ ಹೆಗಲಿಗೇರಿಸಿದವನಿಗೆ. ಹೊಸಬನೊಬ್ಬ ಎತ್ತುವ ತನಕ ಹಳಬನದೇ ಪಟ್ಟ. ಕಲ್ಲಿನ ತಳಭಾಗದಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ಗುಳಿ ಇತ್ತಂತೆ. ಅದು ಕೈಗೆ ಸಿಕ್ಕವನಿಗೆ ಮಾತ್ರ ಕಲ್ಲು ಏಳುತ್ತಿತ್ತಂತೆ.

ನನ್ನ ಸೋದರಮಾವ ಹರೆಯದಲ್ಲಿ ಆ ಕಲ್ಲೆತ್ತಿದರು. ಸ್ವಲ್ಪ ಕಾಲಕ್ಕೆ ಊರಿಗೆ ಟಾರು ರಸ್ತೆ ಬಂತು, ರಸ್ತೆ ಬರುತ್ತಿದ್ದ ಹಾಗೆಯೇ ಕಲ್ಲು ಕಾಣೆಯಾಯಿತು. ಕಲ್ಲೇ ಇಲ್ಲದ ಮೇಲೆ ಎತ್ತುವವರೆಲ್ಲಿ? ಅಂದಿನಿಂದ ಮಾವ ಎದುರಾಳಿಯಿಲ್ಲದ ಚಕ್ರವರ್ತಿಗಳು. ಯುಗಾದಿಯೆಂದರೆ ಅವರಿಗೆ ಬೇವೂ ಅಲ್ಲ, ಬೆಲ್ಲವೂ ಅಲ್ಲ, ಆ ಮೊದಲ ವೀಳ್ಯ. ರಸ್ತೆ ಕೆಲಸಕ್ಕೆ ಮಣ್ಣು, ಕಲ್ಲು ಸಾಗಿಸಲು ಗಾಡಿ ಹೂಡಿದವರೂ ಮಾವನೇ ಎಂಬುದನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಮನಸ್ಸಿನಲ್ಲಿಟ್ಟುಕೊಂಡಿದ್ದೆ, ಅಷ್ಟೆ.

ಈ ವರ್ಷ ಹಬ್ಬಕ್ಕೆ ಇನ್ನೂ ಕೆಲವು ವಾರಗಳಿರುವಾಗ ಊರಿನ ಹೊಸ ಮದುಮಗನೊಬ್ಬ ಹೆಂಡತಿಯೊಂದಿಗೆ ಶ್ರೀರಂಗಪಟ್ಟಣಕ್ಕೆ ಹೋಗಿಬಂದ. ಅಲ್ಲಿ ಯಾರೋ ಹಳೆಯ ಮನೆಯೊಂದರಲ್ಲಿ ಯುದ್ಧದ ಸಾಮಾನು, ಗಡಿಕಲ್ಲು, ವೀರಗಲ್ಲುಗಳನ್ನೆಲ್ಲ ಕೂಡಿಟ್ಟು ಮ್ಯೂಸಿಯಂ ಮಾಡಿದ್ದಾರೆ. ಅವನು ತೆಗೆದ ಫೋಟೊದಲ್ಲಿ ಒಂದು ಗುಂಡುಕಲ್ಲಿತ್ತು.

"ಮಾವ, ನಿನ್ ಕಲ್ಲು ಸಿಕ್ಬುಡ್ತು!" ಎಂದು ಕಟ್ಟೆಯ ಮೇಲೆ ಕೂಗು ಎದ್ದಿತು.

"ಗುಂಡಾಗಿರೋದೆಲ್ಲ ನಮ್ಮೂರ ಗುಂಡೇನ್ಲಾ? ನಿನ್ ತಲೆನೂ ಗುಂಡಾಗೇ ಅದೆ" ಎಂದರು ಮಾವ. ಫೋಟೊವನ್ನು ಸರಿಯಾಗಿ ನೋಡಲೂ ಇಲ್ಲ. ನನಗೆ ಅನುಮಾನ ಹುಟ್ಟಿದ್ದು ಆಗಲೇ.

ಊರು ಸಭೆ ಸೇರಿ ಗಂಭೀರವಾಗಿ ತೀರ್ಮಾನಿಸಿತು. ಕಲ್ಲು ನಮ್ಮದೇ ಆದರೆ ಟ್ರಾಕ್ಟರಿನಲ್ಲಿ ತಂದು ಕಟ್ಟೆಯ ಬುಡದಲ್ಲಿಡುವುದು. ಯಾರು ಬೇಕಾದರೂ ಎತ್ತಬಹುದು. ಗುರುತು ಹಿಡಿಯಲು ಅದನ್ನು ಅಪ್ಪಿ ಹಿಡಿದಿದ್ದ ಮಾವನೇ ಹೋಗಬೇಕು. ಜೊತೆಗೆ, ಓದು ಬರಹ ಬಲ್ಲವನೆಂಬ ನೆಪದಲ್ಲಿ, ನಾನು. ಮಾವನ ಮೇಲೆ ಕಣ್ಣಿಡಲು ಕಳಿಸುತ್ತಿದ್ದೇವೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಮರ್ಯಾದೆ ನಮ್ಮೂರಿನಲ್ಲಿ ಇನ್ನೂ ಉಳಿದಿದೆ.

ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಿ ಮಾವನಿಗೆ ಹೊಟ್ಟೆನೋವು ಬಂತು. ಎರಡು ಇಡ್ಲಿ ತಿಂದ ಮೇಲೆ ಹೋಯಿತು. ಪಾಂಡವಪುರದಲ್ಲಿ, ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ಬೀಗರೊಬ್ಬರನ್ನು ಇವತ್ತೇ ನೋಡಬೇಕೆಂಬ ಮಮತೆ ಉಕ್ಕಿತು. ನಾನು ಅವರ ಪಂಚೆಯ ಚುಂಗೊಂದನ್ನು ಮಾತ್ರ ಹಿಡಿಯಲಿಲ್ಲ, ಉಳಿದ ಕಾವಲನ್ನೆಲ್ಲ ಮಾಡಿದೆ.

ಮ್ಯೂಸಿಯಂ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಹೆಂಗಸು ಸೊಪ್ಪು ಬಿಡಿಸುತ್ತಿದ್ದಳು. ಅಲ್ಲಿನ ಕಾವಲಿನವಳು ಅವಳೇ. ಒಳಗೆ ತುಕ್ಕು ಹಿಡಿದ ಕತ್ತಿಗಳು, ಯಾವುದಕ್ಕೂ ಮೊನೆಯಿಲ್ಲ. ಎಲ್ಲದರ ಕೆಳಗೂ 'ಶತ್ರುಗಳದು' ಎಂಬ ಬರಹ. ಯಾವ ಶತ್ರು ಎಂದು ಮಾತ್ರ ಇಲ್ಲ. ಈ ಸೀಮೆಗೆ ಬಂದುಹೋದವರು ಒಬ್ಬರೇ ಇಬ್ಬರೇ, ಯಾರನ್ನೂ ನೋಯಿಸುವುದು ಬೇಡವೆಂದಿರಬೇಕು. ಗಡಿಕಲ್ಲುಗಳು ತಾವು ಕಾಯುತ್ತಿದ್ದ ಗಡಿಗಳನ್ನೆಲ್ಲ ಬಿಟ್ಟು ಬಂದು ಗೋಡೆಗೊರಗಿ ನಿಂತಿದ್ದವು.

ಮೂಲೆಯ ಗಿಡ್ಡ ಕಟ್ಟೆಯ ಮೇಲೆ ಆ ಕಲ್ಲು. ಬರಹವನ್ನು ಮಾವನಿಗೆ ಓದಿ ಹೇಳಿದೆ: 'ಶತ್ರುಪಡೆಯು ಫಿರಂಗಿಯಿಂದ ಕೋಟೆಯತ್ತ ಹಾರಿಸಿದ ಗುಂಡು.' ಅದನ್ನು ಹಾರಿಸಬೇಕಾದರೆ ಫಿರಂಗಿಯ ಬಾಯಿ ಬಚ್ಚಲುಮನೆಯ ಹಂಡೆಯಷ್ಟಾದರೂ ಅಗಲವಿರಬೇಕು.

ಮಾವನ ಮುಖ ಅರಳಿತು. "ಕೇಳ್ದಾ ಅಳಿಮಯ್ಯ? ಫಿರಂಗಿದಂತೆ. ಓದ್ದೋರು ಬರ್ದವ್ರೆ. ನಡಿ, ಬಸ್ಸು ಸಿಕ್ತದೆ."

"ಒಂದ್ಸಲ ಮುಟ್ಟಿ ನೋಡಿ ಮಾವ."

"ಮುಟ್ಟೋದೇನು? ನಮ್ದು ಇದ್ರ ಎಲ್ಡಷ್ಟಿತ್ತು."

ಹಾಗೆನ್ನುತ್ತಲೇ, ಬೇಡವಾದ ಎಮ್ಮೆಯ ಬೆನ್ನು ಸವರುವವರಂತೆ ಕಲ್ಲಿನ ಮೇಲೆ ಕೈಯಾಡಿಸಿದರು. ಕಣ್ಣು ಬಾಗಿಲ ಕಡೆಗಿತ್ತು. ಕೈ ಮಾತ್ರ ತಾನಾಗಿ ಕೆಳಗಿಳಿಯಿತು, ಹೆಬ್ಬೆರಳು ಒಂದು ಗುಳಿಯೊಳಗೆ ಕೂತಿತು. ಹುಡುಕಲಿಲ್ಲ, ತಡವರಿಸಲಿಲ್ಲ. ನಾನು ಕತ್ತಿಗಳ ಕಡೆ ತಿರುಗಿ ಬಹಳ ಆಸಕ್ತಿಯಿಂದ ತುಕ್ಕು ನೋಡಿದೆ.

ಹೊರಗೆ ಬಂದಾಗ ಹೆಂಗಸು ಸೊಪ್ಪಿನಿಂದ ತಲೆಯೆತ್ತದೆ ಕೇಳಿದಳು, "ನೀವೂ ಗುಂಡು ನೋಡೋಕ್ ಬಂದ್ರಾ? ನಾಗಮಂಗಲದ ಕಡೆಯೋರೂ ಬಂದಿದ್ರು. ದೇವಲಾಪುರದೋರೂ ಬಂದಿದ್ರು. ಎಲ್ರೂ ಒಂದೇ ಮಾತು, ನಮ್ಮೂರುದ್ದು ಇದ್ರ ಎಲ್ಡಷ್ಟಿತ್ತು ಅಂತ."

"ನಮ್ದೇ ಅಂತ ಯಾರಾರ ಅಂದ್ರೆ ಕೊಡ್ತೀರೇನವ್ವ?" ಎಂದೆ.

"ಕಮಿಟಿ ಸೇರಿ ತೀರ್ಮಾನ ಮಾಡ್ಬೇಕು ಕಣಪ್ಪ."

"ಯಾವಾಗ ಸೇರ್ತದೆ?"

"ನಾನು ಕೆಲ್ಸಕ್ಕೆ ಬಂದ್ಮೇಲೆ ಒಂದ್ಸಲಾನೂ ಸೇರಿಲ್ಲ. ನಾನ್ ಬಂದಾಗ ನನ್ ಮಗಳು ಲಂಗ ಹಾಕ್ತಿದ್ಲು. ಈಗ ಅವಳ ಮಗಳು ಹಾಕ್ತಾವ್ಳೆ."

ಮಾವ ನಿಂತು ಅವಳನ್ನು ಒಂದು ಗಳಿಗೆ ನೋಡಿದರು.

ಹಿಂದಿರುಗುವ ಬಸ್ಸಿನಲ್ಲಿ ನನಗೆ ಕಡಲೇಕಾಯಿ ಕೊಡಿಸಿದರು. ಹುಟ್ಟಿದಂದಿನಿಂದ ನನಗೆ ಏನೂ ಕೊಡಿಸದವರು! ಅನುಮಾನದ ಜೊತೆಗೇ ಬಿಡಿಸಿ ತಿಂದೆ. ಪಾಂಡವಪುರ ದಾಟಿದ ಮೇಲೆ, "ಇನ್ನೊಂದ್ಸಲ ಯೋಳು. ಅದ್ರಲ್ಲಿ ಏನ್ ಬರ್ದಿತ್ತು?" ಎಂದರು. ಹೇಳಿದೆ.

"ಮನ್ಸ ಎತ್ತಿದ್ದ ಅಂತ ಎಲ್ಲೂ ಇಲ್ವಾ?"

"ಇಲ್ಲ ಮಾವ. ಫಿರಂಗಿ ಹಾರಿಸ್ತು ಅಂತ ಮಾತ್ರ."

"ಫಿರಂಗಿ!" ಎಂದು ಕಿಟಕಿಯಾಚೆ ಉಗಿದರು.

ಕಟ್ಟೆಯ ಮೇಲೆ ಊರೇ ಕಾಯುತ್ತಿತ್ತು. ಗುಳಿಯ ವಿಷಯ ಹೇಳುವುದೋ ಬೇಡವೋ ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮಾವನೇ ಎದ್ದು ನಿಂತರು.

"ನಮ್ದೇ ಕಣ್ರಲಾ! ಗುಳಿ ಅಂಗೇ ಅದೆ. ಅದ್ಯಾವ್ದೋ ಫಿರಂಗಿ ಎಸೀತಂತೆ. ಫಿರಂಗಿಗೆ ಮದ್ದು ಬೇಕಾಯ್ತು. ನಾನ್ ಎತ್ತುದಾಗ ಹೊಟ್ಟೇಲಿ ರಾಗಿಮುದ್ದೆ ಬುಟ್ರೆ ಏನಿತ್ಲಾ?"

ಕೇಕೆಯೋ ಕೇಕೆ. ಆಗಲೇ ಕಮಿಟಿಗೆ ಅರ್ಜಿ ಬರೆಯುವುದೆಂದು ತೀರ್ಮಾನವಾಯಿತು. ಬರೆಯುವ ಕೆಲಸ ನನಗೇ ಬಿತ್ತು. ಮನೆಗೆ ಹೋಗುವ ದಾರಿಯಲ್ಲಿ ತಡೆಯಲಾರದೆ ಕೇಳಿದೆ, "ಮಾವ, ಕಲ್ಲು ಬಂದ್ರೆ ಹುಡುಗ್ರು ಎತ್ತುತಾರೆ. ವೀಳ್ಯ ಹೋಗುತ್ತಲ್ಲ?"

"ಬರ್ಲಿ ತಗಾ," ಎಂದರು ಶಾಂತವಾಗಿ. "ಕಮಿಟಿ ಸೇರ್ಬೇಕಲ್ಲ."

ಯುಗಾದಿಗೆ ಕಮಿಟಿ ಸೇರಿರಲಿಲ್ಲ. ಮೊದಲ ವೀಳ್ಯ ಮಾವನಿಗೇ ಸಂದಿತು. ಈ ಸಲ 'ಫಿರಂಗಿ ಗುಂಡು ಎತ್ತಿದೋನಿಗೆ' ಎಂಬ ಹೊಸ ಬಿರುದಿನ ಸಮೇತ. ನಾನು ಪಕ್ಕದಲ್ಲಿ ಕೂತು, ಇಷ್ಟು ವರ್ಷ ಒಳಗಿಟ್ಟುಕೊಂಡದ್ದನ್ನು ಮೆಲ್ಲಗೆ ಕೇಳಿಬಿಟ್ಟೆ: "ಅವತ್ತು ರಸ್ತೆ ಕೆಲಸದ ಗಾಡಿಗೆ ಏನೇನು ಹೇರಿದ್ರಿ ಮಾವ?"

ಮಾವ ನನ್ನನ್ನು ನೋಡಿದರು. ಎರಡು ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ, ಬಾಯಿಗೆ ಹಾಕಿಕೊಂಡರು. ಇನ್ನೂ ಎರಡು ಮಡಿಸಿ ಹಾಕಿಕೊಂಡರು. ಆಮೇಲೆ ತುಂಬಿದ ಬಾಯಿಯನ್ನು ಬೆರಳಿನಿಂದ ತೋರಿಸಿ, ಮಾತಾಡಲಾಗದೆಂದು ಬಹಳ ವ್ಯಥೆಯಿಂದ ತಲೆಯಾಡಿಸಿದರು.