ಸಾಹೇಬನ ಪಾಲಿನ ಹಳದಿ

ಬೀಜದ ಹೋರಿಗಳ ಕೇಂದ್ರದಲ್ಲಿ ಮೊಟ್ಟೆಯ ಬಿಳಿಯನ್ನೆಲ್ಲ ಬಿಸಾಡುವ ಗಂಡಸೊಬ್ಬನಿದ್ದಾನೆ ಎಂದು ಮೊಟ್ಟೆಯಕ್ಕ ಮೊದಲು ಕೇಳಿದ್ದು ಅತ್ತೆಯ ಬಾಯಲ್ಲಿ, ಕೋಳಿಗೂಡು ಗುಡಿಸುತ್ತಿದ್ದ ಒಂದು ಬೆಳಿಗ್ಗೆ.

"ಹೋಗಿ ಕೇಳೇ. ಬಿಸಾಡೋನು ದಿನಾ ಕೊಳ್ತಾನೆ," ಎಂದರು ಅತ್ತೆ.

ಅಂದಿನಿಂದ ಬುಟ್ಟಿ ಹೊತ್ತು ಅಲ್ಲಿಗೆ ಹೋಗುವುದು ತಪ್ಪಲಿಲ್ಲ.

ಅವನನ್ನು ಎಲ್ಲರೂ ಹಳದಿಯಣ್ಣ ಎನ್ನುತ್ತಿದ್ದರು. ಮೊಟ್ಟೆ ಒಡೆದು, ಹಳದಿಯನ್ನು ಹೀರುಕಾಗದದ ಮೇಲೆ ಕೂಸಿನ ಮಗ್ಗುಲು ಬದಲಿಸುವಂತೆ ಮೆಲ್ಲಗೆ ಉರುಳಿಸುವನು. ಬಿಳಿಯೆಲ್ಲ ಕಾಗದಕ್ಕೆ ಅಂಟಿದ ಮೇಲೆ ಪೊರೆ ಚುಚ್ಚಿ, ಒಳಗಿನದನ್ನಷ್ಟೇ ಅಳತೆಯ ಗಾಜಿಗೆ ಇಳಿಸುವನು. ಅದನ್ನು ಔಷಧದ ನೀರಿಗೆ ಕಲಸಿ, ಹೋರಿಯ ವೀರ್ಯಕ್ಕೆ ಬೆರೆಸಿ, ನಿಧಾನವಾಗಿ ತಣಿಸಿ, ಕಡ್ಡಿಯಂಥ ಕೊಳವೆಗಳಲ್ಲಿ ಹೆಪ್ಪುಗಟ್ಟಿಸಬೇಕು. ಹಳದಿಯ ಕೊಬ್ಬಿಲ್ಲದಿದ್ದರೆ ವೀರ್ಯಾಣುಗಳು ಚಳಿಗೇ ಸಾಯುತ್ತವೆ. ಇಷ್ಟನ್ನೂ ಅವನೇ ಅವಳಿಗೆ ಹೇಳಿದ್ದು, ಕಿಟಕಿಯ ಆಚೆ ನಿಲ್ಲಿಸಿಕೊಂಡು. ಚಪ್ಪಲಿಯ ಧೂಳಿಗೂ ಅವನಿಗೂ ಆಗಿಬರುತ್ತಿರಲಿಲ್ಲ.

ಹೆಂಡತಿ ಮಕ್ಕಳಿಲ್ಲದವನು. ಅವನಿಗಿದ್ದದ್ದು ಒಂದೇ ಜೀವ, ಕರುವಾಗಿ ಬಂದು ಅವನ ಕೈಯಲ್ಲೇ ಬೆಳೆದ ಕಪ್ಪು ಹೋರಿ. ಸಾಹೇಬ ಎಂದು ಕರೆಯುತ್ತಿದ್ದ.

ಒಂದು ಬೇಸಿಗೆಯಲ್ಲಿ ಸಾಹೇಬನಿಗೆ ಜ್ವರ ಬಂತು. ಜ್ವರ ಬಿಟ್ಟು ಎಷ್ಟೋ ಕಾಲವಾದರೂ ವೀರ್ಯ ಸುಧಾರಿಸಲಿಲ್ಲ. ಹೆಪ್ಪು ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲೊಂದು ಇಲ್ಲೊಂದು ಮಿಸುಕಾಡುವುದು, ಅಷ್ಟೇ. ಕೇಂದ್ರದ ಡಾಕ್ಟರಮ್ಮ ಕಾದು ಕಾದು ಸೋತರು. ಮುಂದಿನ ಸಲವೂ ಹೀಗೇ ಆದರೆ ಹೋರಿಯನ್ನು ಕಸಾಯಿಖಾನೆಗೆ ಕಳಿಸದೆ ದಾರಿಯಿಲ್ಲ ಎಂದುಬಿಟ್ಟರು. ಹಳದಿಯಣ್ಣ ಅನ್ನ ನೀರು ಬಿಟ್ಟವನಂತಾದ.

ಸಾಹೇಬನ ವೀರ್ಯ ತೆಗೆಯುವ ಸರದಿಯ ದಿನ ಹಳದಿಯಣ್ಣ ಮೊಟ್ಟೆ ಹೆಚ್ಚು ಕೊಳ್ಳುವುದು ಮೊಟ್ಟೆಯಕ್ಕನ ಕಣ್ಣಿಗೆ ಬಿದ್ದಿತ್ತು. ಅವನ ಮುಖ ಅರಳಿಸೋಣವೆಂದು, ಮನೆಗೆ ನೆಂಟರು ಬಂದಿದ್ದಾರಾ ಎಂದು ಕೆಣಕಿದಳು.

"ನೆಂಟರೂ ಇಲ್ಲ, ಮಣ್ಣೂ ಇಲ್ಲ. ಜ್ವರದಿಂದ ಎದ್ದವನಲ್ವಾ, ಅವನ ಪಾಲಿಗೆ ಹಳದಿ ಒಂದಿಷ್ಟು ಜಾಸ್ತಿ ಹಾಕ್ತೀನಿ. ಬಲ ಬರಲಿ ಅಂತ."

"ನಾನು ಹೆತ್ತಾಗ ನಮ್ಮತ್ತೆ ಹೀಗೇ ಬೆಣ್ಣೆ ತುರುಕಿದ್ರು ಅಣ್ಣಾ. ಕೂಸು ಅತ್ತರೆ ಎದ್ದು ಎತ್ಕೊಳ್ಳೋಕೂ ಆಗ್ತಿರಲಿಲ್ಲ."

ಅವಳು ನಗೆಗೆ ಹೇಳಿದ್ದು. ಅವನು ನಗಲಿಲ್ಲ. ಕೈಯಲ್ಲಿದ್ದ ಮೊಟ್ಟೆಯನ್ನು ಬುಟ್ಟಿಗೆ ಇಟ್ಟು, ನೆಟ್ಟಗೆ ಡಾಕ್ಟರಮ್ಮನ ಕೋಣೆಗೆ ನಡೆದ.

ಅವನು ಹಳದಿ ಹೆಚ್ಚು ಹಾಕಿದ್ದನ್ನು ಕೇಳಿ ಡಾಕ್ಟರಮ್ಮ ಚೆನ್ನಾಗಿಯೇ ಝಾಡಿಸಿದರು. ಕೊಬ್ಬು ಚಳಿಗೆ ಹೊದಿಕೆ, ನಿಜ. ಹೊದಿಕೆಯ ಮೇಲೆ ಹೊದಿಕೆ ಹೇರಿದರೆ ಅವು ಮಿಸುಕುವುದು ಹೇಗೆ? ಹಳದಿಯ ಕಣಗಳು ಕವಿದು ಬದುಕಿರುವವೂ ಕಣ್ಣಿಗೆ ಕಾಣುವುದಿಲ್ಲ. ಮುಂದಿನ ಸರದಿಯಲ್ಲಿ ಪಕ್ಕದಲ್ಲೇ ನಿಂತು, ಉಳಿದ ಹೋರಿಗಳಿಗೆ ಹಾಕುವ ಅಳತೆಯಷ್ಟೇ ಹಳದಿ ಹಾಕಿಸಿದರು.

ಕರಗಿಸಿ ನೋಡುವ ದಿನ ಮೊಟ್ಟೆಯಕ್ಕ ಬುಟ್ಟಿ ಬರಿದಾಗಿದ್ದರೂ ಕಿಟಕಿ ಬಿಟ್ಟು ಕದಲಲಿಲ್ಲ. ಡಾಕ್ಟರಮ್ಮ ನೋಡಿದರು. ಸರಿದು ಅವನಿಗೆ ಜಾಗ ಬಿಟ್ಟರು. ಅವನು ಬಗ್ಗಿದವನು ಬಹಳ ಹೊತ್ತು ತಲೆಯೆತ್ತಲಿಲ್ಲ.

"ಇರುವೆಗೂಡಿಗೆ ಕಡ್ಡಿ ಹಾಕಿದ ಹಾಗಿದೆ ತಂಗಿ," ಎಂದ, ಕಣ್ಣೊರೆಸಿಕೊಳ್ಳುತ್ತ. "ಒಂದೂ ಸುಮ್ಮನಿಲ್ಲ."

ಅವಳು ಬರಿದಾದ ಬುಟ್ಟಿಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಹೋದ ಜೀವ ಬಂದಂತಾಗಿತ್ತು.

ಸಾಹೇಬ ಅಲ್ಲೇ ಮುದಿಯಾದ. ಹಳದಿಯಣ್ಣನಿಗೂ ವಯಸ್ಸಾಗಿ, ಕೆಲಸ ಬಿಟ್ಟು ತಮ್ಮನ ಮನೆಗೆ ಹೊರಟ. ಹೊರಡುವ ದಿನ ಕಿಟಕಿಯ ಈಚೆ, ಅವಳ ಪಕ್ಕದಲ್ಲಿ ನಿಂತು, ಒಳಗೆ ಹಳದಿ ಉರುಳಿಸುತ್ತಿದ್ದ ಹೊಸಬನನ್ನು ನೋಡಿದ.

"ಹುಷಾರಿನವನೇ. ಆದರೆ ಈಗಲೇ ಒಂದು ಕರುವಿನ ಮೇಲೆ ಪ್ರಾಣ ಇಟ್ಕೊಂಡಿದಾನೆ. ಎಂದಾದರೂ ಮೊಟ್ಟೆ ಜಾಸ್ತಿ ಕೇಳಿದರೆ ಕೊಟ್ಟುಬಿಡಬೇಡ ತಂಗಿ. ಯಾರಿಗೆ ಅಂತ ಕೇಳು."